ಹುಳವೂ ಹುಳಿಯೂ

“ಕೇಳಿರಪ್ಪೋ ಕೇಳಿ! ಹಲ್ಲಿನ ಹುಳ ತೆಗೆಯುವವರೆಲ್ಲ ಅರಮನೆಗೆ ಬರತಕ್ಕದ್ದು. ರಾಜಕುಮಾರಿ ಪದ್ಮಲೆಯ ಮೂರು ಒಗಟು ಬಿಡಿಸಿದವನಿಗೆ ಅರ್ಧ ರಾಜ್ಯ ಕೊಟ್ಟು ಅವಳನ್ನು ಧಾರೆ ಎರೆಯಲಾಗುವುದು. ತಪ್ಪಿದವನ ತಲೆ ತೆಗೆಯಲಾಗುವುದು!”

ಡಂಗುರ ಕೇಳಿ, ಕುದುರೆಗೆ ಲಾಳ ಕಟ್ಟುವ ಚಿಕ್ಕೀರ ಕೈಯಲ್ಲಿದ್ದ ಇಕ್ಕಳವನ್ನು ಸೊಂಟಕ್ಕೆ ಸಿಕ್ಕಿಸಿ ಎದ್ದ. ಅವನ ಅಣ್ಣ ರುದ್ರಯ್ಯ ಹುಳ ತೆಗೆಯುವವನೇ. ಕೆಂಡದ ಮೇಲೆ ಗುಳ್ಳ ಎಂಬ ಕಾಡುಬದನೆಯ ಬೀಜ ಸುರಿದು, ಆ ಹೊಗೆಯನ್ನು ಬಾಯಿಗೆ ಹಿಡಿಸಿ, ಪಕ್ಕದ ಬೋಗುಣಿಯ ನೀರಿನಲ್ಲಿ ಬೆಳ್ಳನೆಯ ಹುಳ ತೋರಿಸುತ್ತಿದ್ದ. ಹುಳುಕು ಹಲ್ಲು ಎಂದಮೇಲೆ ಹುಳ ಇರಲೇಬೇಕಲ್ಲ! ಜನ ನಂಬಿದ್ದರು. ಪಾಪ, ಅವನೂ ನಂಬಿದ್ದ. ಚಿಕ್ಕೀರ ಅಣ್ಣನ ಹಿಂದೆಯೇ ಹೊರಟ.

ಪದ್ಮಲೆ ಊದಿದ ಕೆನ್ನೆಗೆ ಬಟ್ಟೆ ಬಿಗಿದು ಕುಳಿತಿದ್ದಳು. ಹೆಸರುವಾಸಿ ಪಂಡಿತನೊಬ್ಬ ಮೊದಲು ಬಂದು ನಿಂತ.

“ಪಂಕ್ತಿ ಎದ್ದರೂ ತಾನು ಏಳದೆ, ಉಣ್ಣಿಸಿದ ಮನೆಯ ಗೋಡೆಯನ್ನೇ ಕೊರೆಯುವವನು ಯಾರು?” ಎಂದು ಪದ್ಮಲೆ ಕೇಳಿದಳು.

“ಹುಳ, ತಾಯಿ” ಎಂದ ಪಂಡಿತ. ಕತ್ತಿ ಬಿತ್ತು. ಮುಂದಿನವನು “ಗೆದ್ದಲು” ಎಂದ. ಅವನೂ ಉಳಿಯಲಿಲ್ಲ.

ರುದ್ರಯ್ಯನ ಸರದಿ ಬಂತು. ಚಿಕ್ಕೀರ ಅವನನ್ನು ಹಿಂದಕ್ಕೆ ತಳ್ಳಿದ. “ಅವನ ಬದ್ಲು ನಾನು ಹೇಳ್ತೀನಿ ತಾಯಿ. ತಪ್ಪಿದ್ರೆ ನನ್ನ ತಲೆ ತಗೊಳ್ಳಿ.”

“ಹೇಳು.”

“ತಿಂದ ಸಿಹಿ, ತಾಯಿ. ಹಲ್ಲಿನ ಸಂದೀಲಿ ಉಳಿದು ಹುಳಿಯುತ್ತೆ. ಹಲ್ಲು ಕೊರೆಯೋದು ಹುಳ ಅಲ್ಲ, ಹುಳಿ.”

ಕತ್ತಿ ಏಳಲಿಲ್ಲ.

“ನೂರು ಮಂದಿ ಹಿಡಿದು ತೋರಿಸಿದರೂ ಆ ಮನೆಗೆ ಎಂದೂ ಕಾಲಿಡದ ಕಳ್ಳ ಯಾರು?”

ಚಿಕ್ಕೀರ ಅಣ್ಣನ ಮುಖ ನೋಡಲಾರದೆ ತಲೆ ತಗ್ಗಿಸಿದ. “ಅವನೇ ಹುಳ. ನೀರಲ್ಲಿ ಕಾಣೋದು ಗುಳ್ಳದ ಬೀಜದೊಳಗಿನ ಮೊಳಕೆ. ಬಿಸಿಗೆ ಬೀಜ ಸಿಡಿದು ಈಚೆ ಬೀಳುತ್ತೆ. ಅವ್ವ ಸತ್ತ ಮೇಲೆ ಬೀಜ ಒಡೆದು ನೋಡ್ದೆ.”

“ಯಾವ ನೋವು ನಿಂತಾಗ ಹೆದರಬೇಕು?”

ಅವನ ಕಣ್ಣು ತುಂಬಿ ಬಂತು. “ಹಲ್ಲುನೋವು. ಅವ್ವಂಗೆ ಒಂದಿನ ತಾನಾಗೇ ನಿಂತೋಯ್ತು. ಹುಳ ಹೋಯ್ತು ಅಂತ ಅಣ್ಣ ಪಾಯಸ ಮಾಡಿಸ್ದ. ಹೋಗಿದ್ದು ಹಲ್ಲಿನ ಜೀವ ಅಷ್ಟೇ. ಕೀವು ಒಳಗೊಳಗೇ ಗಂಟಲಿಗೆ ಇಳಿದು ಅವ್ವ ಉಸಿರುಕಟ್ಟಿ ಹೋದ್ಲು.”

ಪದ್ಮಲೆ ಕೆನ್ನೆಯ ಬಟ್ಟೆ ಬಿಚ್ಚಿದಳು. “ನನ್ನ ತಾಯಿಯೂ ಹೊಗೆಯನ್ನು ನಂಬಿ ಹಾಗೆಯೇ ಸತ್ತಳು. ನನ್ನ ನೋವು ಈ ಬೆಳಗ್ಗೆ ನಿಂತಿದೆ.”

“ಹಂಗಾದ್ರೆ ಈಗ್ಲೇ ಕೀಳ್ಬೇಕು ತಾಯಿ.”

ಸೊಂಟದಲ್ಲಿದ್ದ ಲಾಳದ ಮೊಳೆ ಕೀಳುವ ಇಕ್ಕಳವನ್ನು ಕುದಿಯುವ ನೀರಿಗೆ ಹಾಕಿ ತೆಗೆದ. ಮೊಳೆಯನ್ನು ಸಡಿಲಿಸುವ ಹಾಗೆಯೇ ಹಲ್ಲನ್ನು ಅತ್ತಿತ್ತ ಅಲುಗಿಸಿ ಕಿತ್ತ. ಕೀವು, ರಕ್ತ ಹರಿಯಿತು. ಅವಳು ಉಪ್ಪುನೀರಿನಲ್ಲಿ ಬಾಯಿ ತೊಳೆದಳು, ಬದುಕಿದಳು.

ಅರ್ಧ ರಾಜ್ಯವೂ ಸಿಕ್ಕಿತು, ಮದುವೆಯೂ ಆಯಿತು. ಹೊಸ ಅರಸ ಚಿಕ್ಕೀರ ಮದುವೆಯೂಟದ ಪಂಕ್ತಿಯಿಂದ ಎದ್ದು ಬಾಯಿ ಮುಕ್ಕಳಿಸಿ ಬರುವಾಗ ನೋಡಿದರೆ, ಎಲ್ಲರೂ ಎದ್ದು ಹೋಗಿದ್ದರು. ರುದ್ರಯ್ಯನೊಬ್ಬ ಮಾತ್ರ ಇನ್ನೂ ಕುಳಿತಿದ್ದ. ಅವನ ಎಲೆಯಲ್ಲಿ ಪಾಯಸ ಬಡಿಸಿದ ಹಾಗೆಯೇ ಇತ್ತು.