ಟೆಸ್ಸಾಳ ಬಲಗೈ

ಆಶ್ರಮ ಎಂದ ಕೂಡಲೇ ಜಿಂಕೆಮರಿಯನ್ನೂ ಪರ್ಣಕುಟಿಯನ್ನೂ ಹುಡುಕಬೇಡಿ. ಇದು ತಗಡಿನ ಛಾವಣಿಯ ಆಶ್ರಮ. ಒಳಗೆ ಹೋಮದ ಹೊಗೆಯ ಬದಲು ಒದ್ದೆ ಕಾಲುಚೀಲದ ವಾಸನೆ. ಪಕ್ಕದ ನದಿ ಮಾತ್ರ ನಿಜವಾದ ನದಿ.

ಇರುವುದು ಇಂಗ್ಲೆಂಡಿನ ಒಂದು ಸಣ್ಣ ಊರಿನಲ್ಲಿ. ನಾನು ಅಲ್ಲಿಗೆ ಹೋಗಿಲ್ಲ. ಹೋಗಿಬಂದವರೊಬ್ಬರು ಹೇಳಿದ್ದು. ಅವರೂ ಹೋಗಿರಲಿಲ್ಲ ಎಂದು ಆಮೇಲೆ ಯಾರೋ ಹೇಳಿದರು. ಅದರಿಂದ ಕಥೆಗೇನೂ ತೊಂದರೆಯಿಲ್ಲ.

ಅದು ಹೆಂಗಸರ ಫುಟ್‌ಬಾಲ್ ಕ್ಲಬ್ಬು. ಅಲ್ಲಿ ಗೋಲು ಹೊಡೆಯುವವರಿಗೆ ಪಾಠ ಹೇಳುತ್ತಿದ್ದವರು ಹಿಲ್ಡಾ. ಎಪ್ಪತ್ತು ದಾಟಿದ ಮುದುಕಿ. ಬೇಸಿಗೆಯಲ್ಲೂ ಬಿಚ್ಚದ ಕೋಟು, ಮೈದಾನದ ಅಂಚಿನಲ್ಲಿ ಒಂದು ಬೆಂಚು, ಬೆಂಚಿನ ಮೇಲೆ ಚಹಾದ ಫ್ಲಾಸ್ಕು.

ಶಿಷ್ಯೆಯ ಹೆಸರು ಟೆಸ್ಸಾ. ಹತ್ತೊಂಬತ್ತು ವರ್ಷ. ದೊಡ್ಡ ನಗರದ ದೊಡ್ಡ ಕ್ಲಬ್ಬಿನವಳು. ಆ ದೇಶದಲ್ಲಿ ದೊಡ್ಡ ಕ್ಲಬ್ಬುಗಳು ಎಳೆಯ ಆಟಗಾರರನ್ನು ಸಣ್ಣ ಕ್ಲಬ್ಬುಗಳಿಗೆ ಎರವಲು ಕೊಡುತ್ತವೆ, ನಾವು ಪಕ್ಕದ ಮನೆಗೆ ಇಡ್ಲಿ ಪಾತ್ರೆ ಕೊಟ್ಟ ಹಾಗೆ. ಪಳಗಿದರೆ ವಾಪಸು ಕರೆಸಿಕೊಳ್ಳುತ್ತಾರೆ. ಇಲ್ಲವಾದರೆ ನಿನ್ನ ದಾರಿ ನೋಡಿಕೋ ಎನ್ನುತ್ತಾರೆ.

ಟೆಸ್ಸಾ ಫಾರ್ವರ್ಡ್. ಅಂದರೆ ಅವಳ ಕೆಲಸ ಒಂದೇ, ಗೋಲು ಹೊಡೆಯುವುದು. ಚಳಿಗಾಲ ಶುರುವಾದರೂ ಒಂದೂ ಹೊಡೆದಿರಲಿಲ್ಲ. ಕೊನೆಯ ಪಂದ್ಯಕ್ಕೆ ದೊಡ್ಡ ಕ್ಲಬ್ಬಿನವರು ನೋಡಲು ಬರುವವರಿದ್ದರು.

ಅಲ್ಲಿ ಗುರುವನ್ನೂ ಹೆಸರು ಹಿಡಿದೇ ಕರೆಯುವುದು. ಗೌರವಕ್ಕೆ ಬೇಕಾದ ಬಹುವಚನ ನಾನು ಹಾಕಿದ್ದೇನೆ.

"ಹಿಲ್ಡಾ, ನನಗೆ ಗೋಲು ಹೊಡೆಯೋದು ಕಲಿಸಿ."

"ಹೊಡಿ, ನೋಡೋಣ."

ಟೆಸ್ಸಾ ಹೊಡೆದಳು. ಚೆಂಡು ಗೋಲಿನ ಮೇಲಿಂದ ಹಾರಿ, ಬೇಲಿ ದಾಟಿ, ನದಿಗೆ ಬಿತ್ತು. ಅವಳ ಬಲಗೈ ತಾನಾಗಿ ಮೇಲೆ ಹೋಯಿತು.

"ಏನು ಪ್ರಶ್ನೆ?" ಎಂದರು ಹಿಲ್ಡಾ.

"ಪ್ರಶ್ನೆ ಏನಿಲ್ಲ."

"ಕೈ ಎತ್ತಿದೆಯಲ್ಲ."

"ಅದು ಕ್ಷಮೆ ಕೇಳೋದು. ಪಕ್ಕದಲ್ಲಿ ಇನ್ನೊಬ್ಬಳು ಕಾಯ್ತಿರ್ತಾಳೆ. ಅವಳಿಗೆ ಪಾಸ್ ಕೊಡದೆ ನಾನೇ ಹೊಡೆದು ತಪ್ಪಿದರೆ ಹೀಗೆ ಕೈ ಎತ್ತಬೇಕು. ಎಲ್ಲರೂ ಎತ್ತುತ್ತಾರೆ."

"ಈಗ ಪಕ್ಕದಲ್ಲಿ ಯಾರಿದ್ದರು?"

ಟೆಸ್ಸಾ ಸುತ್ತ ನೋಡಿದಳು. ಮೈದಾನದಲ್ಲಿ ಇದ್ದವರು ಇವರಿಬ್ಬರೇ.

"ಯಾರೂ ಇಲ್ಲ."

"ಹಾಗಾದರೆ ಮೀನುಗಳ ಹತ್ತಿರ ಕೇಳಿದೆಯೇನೋ. ಸರಿ, ಚೆಂಡು ತಗೊಂಡು ಬಾ."

ಅದಕ್ಕೆಂದೇ ಒಂದು ಉದ್ದ ಕೋಲಿಗೆ ಬಲೆ ಕಟ್ಟಿ ಇಟ್ಟಿದ್ದರು. ಟೆಸ್ಸಾ ಚೆಂಡು ಎತ್ತಿ ತಂದಳು. ಮತ್ತೆ ಹೊಡೆದಳು. ಮತ್ತೆ ನದಿ. ಮತ್ತೆ ಕೈ.

ಮರುದಿನ ಹಿಲ್ಡಾ ಫ್ಲಾಸ್ಕಿನಿಂದ ಒಂದು ಕಪ್ ಚಹಾ ಬಗ್ಗಿಸಿ, ಆರಲು ಬಿಟ್ಟು, ಟೆಸ್ಸಾಳ ಬಲಗೈಗೆ ಕೊಟ್ಟರು.

"ನಾನು ಚಹಾ ಕುಡಿಯಲ್ಲ."

"ಕುಡಿ ಅಂದೆನಾ? ಹಿಡಕೊಂಡು ಹೊಡಿ."

ಹೊಡೆದಳು. ತಪ್ಪಿತು. ಕೈ ಎತ್ತಿದಳು. ಚಹಾ ತಲೆಯಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಬೆನ್ನಿಗೆ ಇಳಿಯಿತು. ಹಾಲು ಹಾಕಿದ ಚಹಾ. ಸಕ್ಕರೆಯೂ ಇತ್ತು ಎಂದು ನಾನು ಸೇರಿಸುತ್ತೇನೆ.

ಹಿಲ್ಡಾ ಕಪ್ ಮತ್ತೆ ತುಂಬಿಸಿಕೊಟ್ಟರು.

ಆ ವಾರವೆಲ್ಲ ಟೆಸ್ಸಾಳ ಮೈಮೇಲೆ ಚಹಾದ ಘಮ. ಅವಳು ಎದುರಾದರೆ ಜೊತೆಯವರು ಬಿಸ್ಕತ್ತು ತೋರಿಸಿ ನಗುತ್ತಿದ್ದರು. ಕೊನೆಗೆ ಕೈಗೆ ಬುದ್ಧಿ ಬಂತು. ಮೇಲೆ ಹೋಗುವುದನ್ನು ಬಿಟ್ಟಿತು.

ಭಾನುವಾರದ ಪಂದ್ಯ ಮುಗಿದದ್ದೇ ಟೆಸ್ಸಾ ಬೆಂಚಿನ ಹತ್ತಿರ ಓಡಿಬಂದಳು.

"ನೋಡಿದಿರಾ? ಇವತ್ತು ಒಂದು ಸಲವೂ ಕೈ ಎತ್ತಲಿಲ್ಲ."

"ಕಾಲೂ ಎತ್ತಲಿಲ್ಲ," ಎಂದರು ಹಿಲ್ಡಾ.

ನಿಜ. ಆವತ್ತು ಟೆಸ್ಸಾ ಗೋಲಿನ ಕಡೆಗೆ ಒಂದು ಚೆಂಡನ್ನೂ ಹೊಡೆದಿರಲಿಲ್ಲ. ಕಾಲಿಗೆ ಬಂದದ್ದನ್ನೆಲ್ಲ ಒಲೆಯಿಂದಿಳಿಸಿದ ಪಾತ್ರೆಯಂತೆ ಪಕ್ಕದವರಿಗೆ ದಾಟಿಸಿದ್ದಳು.

"ತಪ್ಪೇ ಮಾಡದಿದ್ದರೆ ಕ್ಷಮೆ ಯಾಕೆ ಕೇಳಬೇಕು?" ಎಂದಳು.

"ಹೌದಲ್ಲ. ಹಾಗಾದರೆ ಬಾ, ಈ ಬೆಂಚಿನ ಮೇಲೆ ಕೂತುಬಿಡು. ಇಲ್ಲಿ ಕೂತವರು ಯಾರೂ ಇದುವರೆಗೆ ಗುರಿ ತಪ್ಪಿದ್ದಿಲ್ಲ."

ಟೆಸ್ಸಾಗೆ ಸಿಟ್ಟು ಬಂತು.

"ನಿಮಗೇನು, ಹೇಳೋದು ಸುಲಭ. ಎರವಲು ಬಂದವಳು ನಾನು. ನಾನು ತಪ್ಪಿದರೆ ಕ್ಯಾಪ್ಟನ್ ಗ್ವೆನ್ ಎರಡೂ ಕೈ ಚಾಚಿ ಊರಿಗೆಲ್ಲ ತೋರಿಸ್ತಾಳೆ. ನೀವು ಆಡೋವಾಗ ಯಾರಿಗೂ ಕ್ಷಮೆ ಕೇಳಿದ್ದೇ ಇಲ್ವಾ?"

ಹಿಲ್ಡಾ ಫ್ಲಾಸ್ಕಿನ ಮುಚ್ಚಳ ತಿರುಗಿಸಿದರು.

"ನಾನು ಹುಡುಗಿಯಾಗಿದ್ದಾಗ ಹೆಂಗಸರಿಗೆ ಫುಟ್‌ಬಾಲ್ ಮೈದಾನ ಕೊಡಬಾರದು ಅಂತ ಕಟ್ಟಪ್ಪಣೆ ಇತ್ತು. ನಾವು ಕದ್ದು ಆಡ್ತಿದ್ವಿ, ಇಲ್ಲೇ. ಒಂದು ದಿನ ಕಾವಲುಗಾರ ಬಂದು ಚೆಂಡು ಕಿತ್ತುಕೊಂಡ. ತಪ್ಪಾಯ್ತು ಅನ್ನು, ವಾಪಸು ಕೊಡ್ತೀನಿ ಅಂದ."

"ಅಂದಿರಾ?"

"ಬೇರೆ ಚೆಂಡು ತಂದೆ."

ಗ್ವೆನ್ ಮೂವತ್ತು ದಾಟಿದವಳು. ದಪ್ಪ ದನಿ, ದಪ್ಪ ಹುಬ್ಬು. ಅದೇ ವಾರ ಬಟ್ಟೆ ಬದಲಿಸುವ ಕೋಣೆಯಲ್ಲಿ ಟೆಸ್ಸಾಳನ್ನು ಅಡ್ಡಗಟ್ಟಿದಳು.

"ಲೇ ಎರವಲು, ನಿನ್ನ ಪಾಸು ಸಾಕಾಗಿಹೋಗಿದೆ ನನಗೆ."

"ಕೊಡಲಿಲ್ಲ ಅಂತ ನೀನೇ ಬೈತಿದ್ದೆ. ಈಗ ಕೊಡ್ತಾನೇ ಇದ್ದೀನಲ್ಲ."

"ಕೊಡ್ತೀಯ. ನನ್ನ ಮೇಲೆ ಇಬ್ಬರು ಬಿದ್ದಿರುವಾಗ ಕೊಡ್ತೀಯ. ನಿನಗೆ ಭಾರ ಆದದ್ದನ್ನ ತಂದು ನನ್ನ ಕೊರಳಿಗೆ ಕಟ್ತೀಯ."

"ಹೊಡೆದರೂ ಬೈತೀಯ, ಕೊಟ್ಟರೂ ಬೈತೀಯ. ನಾನೇನು ಮಾಡಲಿ?"

"ಮೊದಲು ಆ ಚಹಾ ವಾಸನೆ ತೊಳ್ಕೊಂಡು ಬಾ."

ಟೆಸ್ಸಾ ತೊಳೆದುಕೊಳ್ಳದೆ ನೇರ ಬೆಂಚಿಗೆ ಬಂದಳು.

"ಹಿಲ್ಡಾ, ಪಾಸ್ ಕೊಡಬೇಕಾ, ಕೊಡಬಾರದಾ? ಒಂದು ಮಾತು ಹೇಳಿಬಿಡಿ."

"ಅವಳು ನಿನಗಿಂತ ಒಳ್ಳೆ ಜಾಗದಲ್ಲಿದ್ದರೆ ಕೊಡು. ಹೆದರಿ ಕೊಡಬೇಡ."

"ಯಾವುದು ಯಾವುದು ಅಂತ ಹೇಗೆ ಗೊತ್ತಾಗಬೇಕು? ಎಲ್ಲ ಕಣ್ಣು ಮುಚ್ಚಿ ತೆಗೆಯೋದರಲ್ಲಿ ಆಗಿಹೋಗುತ್ತೆ."

"ಕೊಟ್ಟ ಮೇಲೆ ಎದೆ ಹಗುರ ಆಯ್ತಾ? ಹೆದರಿ ಕೊಟ್ಟಿದ್ದೀ."

ಟೆಸ್ಸಾ ಬೆರಳು ಮಡಚಿ ಎಣಿಸತೊಡಗಿದಳು. ಆ ವರ್ಷ ಕೊಟ್ಟ ಪಾಸುಗಳನ್ನೆಲ್ಲ ನೆನೆಸಿಕೊಳ್ಳುತ್ತಿದ್ದಳೋ ಏನೋ. ಅದರಲ್ಲಿ ಹಗುರವಲ್ಲದ್ದು ಒಂದೂ ಸಿಕ್ಕಿರಲಾರದು.

ಅಲ್ಲಿಂದ ಮುಂದೆ ಪಾಠ ಬದಲಾಯಿತು. ಜೊತೆಯವರನ್ನು ನಿಲ್ಲಿಸಿಕೊಂಡು ಆಡಿಸುವುದು. ಟೆಸ್ಸಾಳ ಪ್ರತಿ ಪಾಸಿಗೂ ಬೆಂಚಿನಿಂದ ಒಂದೇ ಪ್ರಶ್ನೆ.

"ಹಗುರವಾ?"

"ಹಗುರ."

"ಮತ್ತೆ ಆಡು."

"ಈಗ?"

"ಈಗಲೂ ಹಗುರವೇ, ಏನು ಮಾಡಲಿ?"

"ಮತ್ತೆ ಆಡು."

ಚಳಿಗಾಲ ಹೀಗೇ ಹೋಯಿತು. ಟೆಸ್ಸಾ ಹೊಡೆಯತೊಡಗಿದಳು. ಚೆಂಡುಗಳು ನದಿಗೆ ಬೀಳುತ್ತಲೇ ಇದ್ದವು. ಹಿಲ್ಡಾ ಇನ್ನೊಂದು ಬಲೆ ತರಿಸಿದರು.

ಕೊನೆಯ ಪಂದ್ಯಕ್ಕೆ ದೊಡ್ಡ ಕ್ಲಬ್ಬಿನಿಂದ ಬಂದವರು ಒಬ್ಬರೇ. ಆದರೆ ನಾಲ್ಕು ಜನರಷ್ಟು ಜಾಗ ಹಿಡಿದು ನಿಂತಿದ್ದರು. ಮಿಸ್ಟರ್ ಪೆಂಡಲ್ ಅಂತ. ಇಸ್ತ್ರಿ ಮಾಡಿದ ಕೋಟು, ಇಸ್ತ್ರಿ ಮಾಡಿದ ನಗು.

"ಗಾಬರಿ ಬೇಡಮ್ಮ," ಎಂದರು ಟೆಸ್ಸಾಗೆ. "ನಮಗೆ ಬೇಕಾದ್ದು ಹೊಂದಿಕೊಂಡು ಹೋಗುವವರು. ಅಷ್ಟೇ."

ಹಿಲ್ಡಾ ಅವಳ ಕಾಲಿನ ಕಡೆ ನೋಡಿದರು. ಬೂಟಿನ ಲೇಸು ಬಿಚ್ಚಿದೆ, ಕಟ್ಟಿಕೋ ಎಂದರು.

ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಚೆಂಡು ಟೆಸ್ಸಾಳ ಕಾಲಿಗೆ ಬಂತು. ಎಡಗಡೆಯಿಂದ ಗ್ವೆನ್ ಕೂಗಿದಳು. ಟೆಸ್ಸಾ ಗೋಲು ನೋಡಿದಳು. ಹೊಡೆದಳು.

ನದಿ.

ಜನ ಹೋ ಎಂದರು. ಗ್ವೆನ್ ಎರಡೂ ಕೈ ಚಾಚಿದಳು. ಟೆಸ್ಸಾಳ ಬಲಗೈ ಹಳೆಯ ರೂಢಿಯಲ್ಲಿ ಭುಜದವರೆಗೆ ಬಂದೇಬಿಟ್ಟಿತು. ಬಂದ ಕೈಗೆ ಏನಾದರೂ ಕೆಲಸ ಕೊಡಬೇಕಲ್ಲ, ಜುಟ್ಟು ಬಿಗಿ ಮಾಡಿಕೊಂಡಳು.

ಮುಂದಿನ ಸಲ ಗ್ವೆನ್ ನಿಜವಾಗಿಯೂ ಒಳ್ಳೆ ಜಾಗದಲ್ಲಿದ್ದಳು. ಟೆಸ್ಸಾ ಕೊಟ್ಟಳು. ಗ್ವೆನ್ ಹೊಡೆದದ್ದು ಸೀದಾ ಗೋಲ್‌ಕೀಪರ್ ಕೈಗೆ ಹೋಯಿತು. ಟೆಸ್ಸಾಗೆ ಎದೆ ಹಗುರವಾಗಲಿಲ್ಲ, ಹೊಟ್ಟೆ ಉರಿಯಿತು. ಗ್ವೆನ್ ಕೈ ಎತ್ತಲಿಲ್ಲ. ಕ್ಯಾಪ್ಟನ್ನರು ಎತ್ತುವ ಪದ್ಧತಿ ಇಲ್ಲವಂತೆ.

ಆಮೇಲೆ ಟೆಸ್ಸಾ ಮತ್ತೆ ಹೊಡೆದಳು. ತಪ್ಪಿತು. ಮತ್ತೆ ಹೊಡೆದಳು. ಗೋಲ್‌ಕೀಪರ್ ಮೊಣಕಾಲಿಗೆ ಬಡಿದು ಹೊರಗೆ ಹೋಯಿತು.

"ಎರವಲಿನವಳನ್ನ ವಾಪಸು ಕಳಿಸ್ರೋ," ಎಂದು ಯಾರೋ ಕೂಗಿದರು. ಸುತ್ತಲಿನವರು ನಕ್ಕರು. ಟೆಸ್ಸಾ ಅತ್ತ ತಿರುಗಿಯೂ ನೋಡದೆ, ಚೆಂಡು ಎಲ್ಲಿಗೆ ಬರಬಹುದೋ ಅಲ್ಲಿಗೆ ಓಡಿದಳು.

ಇಲ್ಲಿ ಒಂದು ಗೋಲು ಹಾಕಿಸಿಬಿಡೋಣ ಎಂದು ನನಗೂ ಆಸೆ. ಚಹಾಕ್ಕೆ ಸಕ್ಕರೆ ಹಾಕಿದವನಿಗೆ ಅದೇನು ದೊಡ್ಡ ಕೆಲಸವಲ್ಲ. ಆದರೆ ಗೋಲು ಬೀಳಲಿಲ್ಲ. ಪಂದ್ಯ ಸೋತರು.

ಪೆಂಡಲ್ ಟೆಸ್ಸಾಳನ್ನು ಕರೆದರು.

"ಆಟ ಬರುತ್ತೆ, ಇಲ್ಲ ಅನ್ನಲ್ಲ. ಆದರೆ ಇಷ್ಟೊಂದು ಸಲ ತಪ್ಪಿ ಒಂದು ಸಲವಾದರೂ ಕೈ ಎತ್ತಬಾರದಾ? ನೋಡಿದವರು ಏನಂದುಕೊಳ್ತಾರೆ? ಹೋಗು, ಎಲ್ಲರ ಎದುರಿಗೆ ಕ್ಯಾಪ್ಟನ್‌ಗೆ ಸಾರಿ ಹೇಳಿ ಬಾ. ಮಿಕ್ಕಿದ್ದು ನಾನು ನೋಡಿಕೊಳ್ತೀನಿ. ಇನ್ನೊಂದು ವರ್ಷ ಉಳಿಸಿಕೊಳ್ಳೋಣ."

ಟೆಸ್ಸಾ ಗ್ವೆನ್ ಹತ್ತಿರ ಹೋದಳು. ಗ್ವೆನ್ ಹುಲ್ಲಿನ ಮೇಲೆ ಕೂತು ಬೂಟು ಬಿಚ್ಚುತ್ತಿದ್ದಳು. ಸುತ್ತ ತಂಡದವರೆಲ್ಲ ಇದ್ದರು. ಹಿಂದಿನಿಂದ ಪೆಂಡಲ್ ನೋಡುತ್ತಿದ್ದರು.

"ಗ್ವೆನ್, ಆ ಮೊದಲನೆ ಸಲ ನೀನು ನನಗಿಂತ ಒಳ್ಳೆ ಜಾಗದಲ್ಲಿದ್ದೆಯಾ?"

ಗ್ವೆನ್ ಬೂಟು ಕೈಯಲ್ಲಿ ಹಿಡಿದು ಯೋಚಿಸಿದಳು.

"ಇಲ್ಲ. ನನ್ನ ಮುಂದೆ ಇಬ್ಬರಿದ್ದರು."

"ಮತ್ತೆ ಯಾಕೆ ಕೂಗಿದೆ?"

"ಕೂಗೋದು ಅಭ್ಯಾಸ ಕಣೇ."

ಟೆಸ್ಸಾ ಪೆಂಡಲ್ ಹತ್ತಿರ ವಾಪಸು ಬಂದಳು.

"ಸಾರಿ ಹೇಳುವಂಥದ್ದು ಏನೂ ಸಿಗಲಿಲ್ಲ, ಸರ್. ತಪ್ಪಿದ್ದನ್ನ ನಾಳೆಯಿಂದ ಮತ್ತೆ ಕಲೀತೀನಿ. ಹೊಡೆದದ್ದಕ್ಕೆ ಕೈ ಎತ್ತಲ್ಲ."

"ಯೋಚನೆ ಮಾಡಿ ಹೇಳ್ತಿದ್ದೀಯಾ?"

"ಚಳಿಗಾಲ ಪೂರ್ತಿ ಯೋಚನೆ ಮಾಡಿದ್ದೀನಿ."

ಪೆಂಡಲ್ ಕೋಟಿನ ಗುಂಡಿ ಹಾಕಿಕೊಂಡರು. ನಮ್ಮ ಕಡೆಯಿಂದ ಇಷ್ಟೇ, ನಿನಗೆ ಒಳ್ಳೆಯದಾಗಲಿ ಎಂದು ಹೇಳಿ ಕಾರು ಹತ್ತಿದರು.

ಕಾರು ತಿರುವು ದಾಟುವವರೆಗೆ ಟೆಸ್ಸಾ ನೆಟ್ಟಗೆ ನಿಂತಿದ್ದಳು. ಆಮೇಲೆ ಬಂದು ಬೆಂಚಿನ ಮೇಲೆ ಕುಸಿದಳು.

"ಬಿಟ್ಟರು."

"ಕೇಳಿಸಿತು," ಎಂದರು ಹಿಲ್ಡಾ.

"ಸಣ್ಣ ಹುಡುಗಿ ಇದ್ದಾಗಿನಿಂದ ಅಲ್ಲಿದ್ದೆ. ನಾಳೆಯಿಂದ ನಾನು ಯಾವ ಕ್ಲಬ್ಬಿನವಳೂ ಅಲ್ಲ."

"ಹೂಂ."

"ನಿಮ್ಮ ಮಾತು ಕೇಳಿ ಕೆಟ್ಟೆ, ಹಿಲ್ಡಾ. ನೀವಾದರೂ ಈಗ ನನ್ನ ಹತ್ತಿರ ಕ್ಷಮೆ ಕೇಳಿ."

ಹಿಲ್ಡಾ ಕೇಳಲಿಲ್ಲ. ಕಣ್ಣು ಕಿರಿದು ಮಾಡಿ ಮೈದಾನದ ಆ ತುದಿ ನೋಡಿದರು. ಆಮೇಲೆ ಈ ತುದಿ ನೋಡಿದರು.

"ಯಾಕೆ," ಎಂದರು, "ಅವರು ಹೋಗುವಾಗ ಗೋಲಿನ ಕಂಬ ಕಿತ್ತುಕೊಂಡು ಹೋದರಾ?"