ನಡುದೋಣಿಯ ಗಂಟೆ

"ಗುರುಗಳೇ, ಎದ್ದಾಗಿನಿಂದ ಮಲಗುವ ತನಕ ಜಪ ಮಾಡುತ್ತೇನೆ. ಒಂದು ಗಳಿಗೆ ನಿಲ್ಲಿಸಿದರೂ ಏನೋ ಕೆಡುಕಾದೀತು ಎಂಬ ಭಯ. ಇಷ್ಟಾದರೂ ಆ ಕಡೆಯಿಂದ ಒಂದು ಉತ್ತರ ಬಂದಿಲ್ಲ. ದೇವರಿಗೆ ನನ್ನ ದನಿ ಕೇಳುತ್ತಿಲ್ಲವೇ?" ಎಂದು ಶಿಷ್ಯ ಕೇಳಿದ. ಕೇಳಿ ಮುಗಿದ ಕೂಡಲೇ ಅವನ ತುಟಿಗಳು ಮತ್ತೆ ಅಲುಗತೊಡಗಿದವು.

ಗುರುಗಳು ಆ ತುಟಿಗಳನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕತೆ ಹೇಳಿದರು.

ಹೊಳೆ ಕಡಲನ್ನು ಸೇರುವ ಅಳಿವೆಯೊಂದರಲ್ಲಿ ಒಬ್ಬ ವ್ಯಾಪಾರಿ ಜನರನ್ನು ದಾಟಿಸುವ ದೋಣಿ ಇಟ್ಟುಕೊಂಡಿದ್ದ. ಚಳಿಗಾಲದ ಬೆಳಗುಗಳಲ್ಲಿ ಅಲ್ಲಿ ಮಂಜು ಕವಿಯುತ್ತಿತ್ತು. ಎದುರಿನ ದೋಣಿ ಮೈಮೇಲೆ ಬಂದ ಮೇಲಷ್ಟೇ ಕಾಣುತ್ತಿತ್ತು. ಅದಕ್ಕಾಗಿ ಆ ಅಳಿವೆಯ ದೋಣಿಗಳಲ್ಲೆಲ್ಲ ಗಂಟೆ ಇರುತ್ತಿತ್ತು. ಮಂಜಿನಲ್ಲಿ ಗಂಟೆ ಬಾರಿಸಬೇಕು, ನಿಲ್ಲಿಸಬೇಕು, ಹುಟ್ಟುಗಳನ್ನು ನೀರಿನಿಂದ ಮೇಲೆತ್ತಿ ಕಿವಿಗೊಡಬೇಕು, ಮತ್ತೆ ಬಾರಿಸಬೇಕು. ಇದು ಅಲ್ಲಿಯ ಪದ್ಧತಿ. ಹೊಸಬರಿಗೆ ಇದನ್ನು ಹೇಳಿಕೊಡುತ್ತಿದ್ದವನು ಆ ವ್ಯಾಪಾರಿಯೇ. ಚೆನ್ನಾಗಿ ಹೇಳಿಕೊಡುತ್ತಿದ್ದ.

ಗಂಟೆಯನ್ನು ದೋಣಿಯ ಮುಂತುದಿಗೆ ಕಟ್ಟುವುದು ವಾಡಿಕೆ. ಸದ್ದು ಮುಂದಕ್ಕೆ ಹೋಗಲಿ, ಹಿಂದೆ ಚುಕ್ಕಾಣಿ ಹಿಡಿದವನ ಕಿವಿ ಬಿಡುವಾಗಿರಲಿ ಎಂದು. ಈ ವ್ಯಾಪಾರಿ ಹೊಸ ಕಂಚಿನ ಗಂಟೆ ಮಾಡಿಸಿದಾಗ ಅದನ್ನು ಅಷ್ಟು ದೂರ, ಉಪ್ಪುನೀರು ಸಿಡಿಯುವ ಜಾಗದಲ್ಲಿ ಬಿಡಲು ಅವನಿಗೆ ಮನಸ್ಸಾಗಲಿಲ್ಲ. ನಡುದೋಣಿಯ ಚಾವಣಿಯ ಕೆಳಗೆ, ತಾನು ಕೂರುವ ಜಾಗದ ಮೇಲೆ ತೂಗುಹಾಕಿದ. ಅದು ಹತ್ತುವವರ ತಲೆಗೆ ಸರಿಯಾಗಿ ಬಂತು. ತಲೆಯ ಎತ್ತರದಲ್ಲಿ ಗಂಟೆ ಕಂಡ ಮೇಲೆ ನಮ್ಮ ಜನ ಸುಮ್ಮನೆ ಹೋಗುವುದುಂಟೇ? ಹತ್ತುವಾಗ ಒಮ್ಮೆ ಬಾರಿಸಿ ಕೈಮುಗಿದರು, ಇಳಿಯುವಾಗ ಒಮ್ಮೆ. ಯಾರೋ ಕುಂಕುಮ ಹಚ್ಚಿದರು. ಕ್ರಮೇಣ ಹೂವಿನ ಹಾರವೂ ಬಂತು. ಚುಕ್ಕಾಣಿಯವನೂ ಕೈಮುಗಿದೇ ತನ್ನ ಜಾಗಕ್ಕೆ ಹೋಗತೊಡಗಿದ. ವ್ಯಾಪಾರಿಗೆ ಸಂತೋಷವಾಯಿತು. ಬೇರೆ ದೋಣಿಗಳ ಗಂಟೆಗೆ ಈ ಯೋಗ ಇರಲಿಲ್ಲ.

ಒಂದು ಬೆಳಗ್ಗೆ ಅವನು ತುಂಬುಗರ್ಭಿಣಿಯಾದ ಮಗಳನ್ನು ಆಚೆ ದಡದ ಗಂಡನ ಮನೆಯಿಂದ ಹೆರಿಗೆಗೆಂದು ಕರೆತರುತ್ತಿದ್ದ. ದಡ ಬಿಟ್ಟಾಗ ಎಳೆಬಿಸಿಲಿತ್ತು. ನಡುನೀರಿಗೆ ಬರುವಷ್ಟರಲ್ಲಿ ಮಂಜು ಇಳಿದು ದೋಣಿಯ ಮುಂತುದಿಯೇ ಕಾಣದಾಯಿತು. ಅದು ಕಡಲ ನೀರು ಇಳಿಯುವ ಹೊತ್ತು. ಆ ಹೊತ್ತಿನಲ್ಲಿ ಕಲ್ಲು ತುಂಬಿದ ದೋಣಿಗಳು ನೀರಿನ ಸೆಳೆತದ ಜೊತೆಗೇ ಹೊಳೆಯಿಂದ ಇಳಿದು ಬರುತ್ತವೆ. ನಿಲ್ಲಬೇಕೆಂದರೂ ಅವು ನಿಲ್ಲಲಾರವು. ಇದು ದೋಣಿಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ವ್ಯಾಪಾರಿ ಮಗಳ ಮುಖ ನೋಡಿದ. ಗಂಟೆ ಬಾರಿಸತೊಡಗಿದ. ಬಾರಿಸುತ್ತಲೇ ಇದ್ದ.

"ಧಣಿ, ಸ್ವಲ್ಪ ನಿಲ್ಲಿಸಿ!" ಎಂದು ಚುಕ್ಕಾಣಿಯವನು ಹಿಂದಿನಿಂದ ಕೂಗಿದ.

"ನಿಲ್ಲಿಸಿದರೆ ನಾವು ಇಲ್ಲಿದ್ದೇವೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕೋ?"

"ಅವರು ಎಲ್ಲಿದ್ದಾರೆ ಅಂತ ನಮಗೆ ಗೊತ್ತಾಗಬೇಡವಾ?"

"ನೀನು ಸುಮ್ಮನೆ ಚುಕ್ಕಾಣಿ ಹಿಡಿ. ಮಗಳು ನಿನ್ನವಳಲ್ಲ."

ವ್ಯಾಪಾರಿಯ ಕೈ ಸೋತರೆ ಏನು ಗತಿ ಎಂದು ಜನ ಗಾಬರಿಯಾದರು. ಕೆಲವರು ತಂಬಿಗೆ ಬಡಿದರು. ಒಬ್ಬ ಮುದುಕ ಭಜನೆ ಎತ್ತಿಕೊಂಡ, ಉಳಿದವರು ದನಿಗೂಡಿಸಿದರು. ಚಾವಣಿಯ ಕೆಳಗೆ ಪಕ್ಕದವರ ಮಾತೂ ಕೇಳದಾಯಿತು. ಅಷ್ಟು ಸದ್ದಿನಿಂದ ಒಬ್ಬರ ಭಯವೂ ಕಡಿಮೆಯಾಗಲಿಲ್ಲ. ಆದರೆ ಸದ್ದು ನಿಲ್ಲಿಸುವುದಕ್ಕೆ ಇನ್ನೂ ಹೆಚ್ಚು ಭಯವಾಗುತ್ತಿತ್ತು.

ಮಗಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕಷ್ಟಪಟ್ಟು ಎದ್ದಳು. ಇನ್ನೊಂದು ಕೈಯಿಂದ ಗಂಟೆಯ ನಾಲಗೆಯನ್ನು ಬಿಗಿಯಾಗಿ ಹಿಡಿದುಕೊಂಡಳು.

"ಅಪ್ಪಯ್ಯ, ಸಾಕು."

"ಬಿಡೇ! ಎಲ್ಲರೂ ಸಾಯ್ತೀವಿ!"

"ಬಿಡಲ್ಲ."

ಬಿಡಲಿಲ್ಲ. ತಂಬಿಗೆಗಳು ನಿಂತವು. ಮುದುಕ ಇನ್ನೊಂದು ಸಾಲು ಹಾಡಿ, ಹಾಡುತ್ತಿರುವುದು ತಾನೊಬ್ಬನೇ ಎಂದು ತಿಳಿದು ನಿಲ್ಲಿಸಿದ.

ಆಗ ಇನ್ನೊಂದು ಗಂಟೆ ಕೇಳಿಸಿತು. ಎಡಗಡೆಗೆ, ತೀರ ಹತ್ತಿರದಲ್ಲಿ. ಅದು ಮೊಳಗಿತು, ನಿಂತಿತು. ಮತ್ತೆ ಮೊಳಗಿತು, ಮತ್ತೆ ನಿಂತಿತು. ಚುಕ್ಕಾಣಿಯವನು ಇದ್ದ ಬಲವನ್ನೆಲ್ಲ ಹಾಕಿ ದೋಣಿಯನ್ನು ಬಲಕ್ಕೆ ತಿರುಗಿಸಿದ. ಕಲ್ಲಿನ ದೋಣಿ ಮಂಜಿನೊಳಗಿಂದ ಹೊರಬಂದು, ಕೈಚಾಚಿದರೆ ಸಿಗುವಷ್ಟು ಪಕ್ಕದಲ್ಲಿ ಸಾಗಿಹೋಯಿತು. ಅದರ ಮುಂತುದಿಯಲ್ಲಿ ನಿಂತವನು ಬೈಯುತ್ತಲೇ ಹೋದ:

"ಎಷ್ಟು ಹೊತ್ತಿಂದ ಬಾರಿಸ್ತಿದ್ದೀನಿ, ಕಿವಿ ಇಲ್ವೇನ್ರೋ? ನಿಮ್ಮ ದೋಣಿ ಇನ್ನೂ ದಡದಲ್ಲೇ ಇದೆ, ಜನ ಪೂಜೆ ಮಾಡ್ತಿದ್ದಾರೆ ಅಂದ್ಕೊಂಡೆ!"

ಮಗಳು ಆಮೇಲೆ ಗಂಟೆಯನ್ನು ಬಿಟ್ಟಳು. ತವರಿನಲ್ಲಿ ಹೆರಿಗೆ ಸುಸೂತ್ರವಾಯಿತು. ದೊಡ್ಡ ಗಂಡಾಂತರ ತಪ್ಪಿಸಿತೆಂದು ವ್ಯಾಪಾರಿ ಗಂಟೆಗೆ ಹೊಸ ಹಾರ ಹಾಕಿಸಿದ. ಅದಕ್ಕಿಂತ ದೊಡ್ಡದೊಂದು ಗಂಟೆ ಮಾಡಲು ಕಂಚುಗಾರನಿಗೆ ಹೇಳಿಕಳಿಸಿದ. ಮಗಳು ಕೂಸನ್ನೆತ್ತಿಕೊಂಡು ಗಂಡನ ಮನೆಗೆ ಹೊರಟಾಗ ಬೇರೆ ದೋಣಿ ಹತ್ತಿದಳು.

ಗುರುಗಳು ಕತೆಯನ್ನು ಇಲ್ಲಿಗೆ ನಿಲ್ಲಿಸಿದರು. ಶಿಷ್ಯನ ತುಟಿಗಳು ಇನ್ನೂ ಅಲುಗುತ್ತಿದ್ದವು. ಕತೆ ಮುಗಿದದ್ದು ಅವನಿಗೆ ಸ್ವಲ್ಪ ತಡವಾಗಿ ಗೊತ್ತಾಯಿತು.

"ತಿಳಿಯಿತು, ಗುರುಗಳೇ," ಎಂದ. "ದೊಡ್ಡ ಗಂಟೆಯೇ ಬೇಕು. ನಾಳೆಯಿಂದ ಇನ್ನೂ ಗಟ್ಟಿಯಾಗಿ ಜಪಿಸುತ್ತೇನೆ."

"ಗಂಟೆಯ ನಾಲಗೆ ಹಿಡಿದವರು ಯಾರಪ್ಪ?" ಎಂದು ಗುರುಗಳು ಕೇಳಿದರು.

ಶಿಷ್ಯನ ತುಟಿಗಳು ನಿಂತವು.