ಮಾತಾಡದ ದಿನ್ನೆ

ಗುಂಡರಾಳ ದಾಟಿ ಭೀಮಾ ನದಿಗೆ ಇಳಿಯುವ ದಾರಿಯಲ್ಲಿ, ಎಡಕ್ಕೆ, ಬೇವಿನ ಮರವಿರುವ ಒಂದು ದಿನ್ನೆ ಸಿಗುತ್ತದೆ. ಸುತ್ತಲಿನವರು ಇದನ್ನು ಮಾತಾಡದ ದಿನ್ನೆ ಎನ್ನುತ್ತಾರೆ. ದೆವ್ವದ ಕಾಟವಿರಬೇಕೆಂದು ಪೇಟೆಯವರ ಊಹೆ; ದೆವ್ವವಾಗಿದ್ದರೆ ಒಂದು ತೆಂಗಿನಕಾಯಿಯಲ್ಲಿ ಮುಗಿಯುತ್ತಿತ್ತು. ಹಿಂದೆ, ಈಚೆ ದಂಡೆ ಕಂಪನಿ ಸರಕಾರದ್ದು, ಆಚೆ ದಂಡೆ ನಿಜಾಮನದು ಆಗಿದ್ದ ಕಾಲದಲ್ಲಿ, ವೆಂಕೋಬರಾಯನೆಂಬ ಬಡ ವಕೀಲ ಈ ಗಡಿಗೆ ಬಂದನಂತೆ. ಕುರಿಗಳಿಗೆ ಗಡಿ ತಿಳಿಯದು; ಅವುಗಳ ಹಿಂದೆ ಹೊಳೆ ದಾಟಿದ ಕುರುಬರ ಮೇಲೆ ಕಳವಿನ ಆರೋಪ ಬರುತ್ತಿತ್ತು. ವೆಂಕೋಬರಾಯ ವಾದಿಸಿ ಅವರನ್ನು ಬಿಡಿಸಿ ತರುತ್ತಿದ್ದ. ಈ ಬೇವಿನ ನೆರಳೇ ಅವನ ಕಚೇರಿ, ಕುರುಬರ ಲಗಮವ್ವನ ರೊಟ್ಟಿಯೇ ಅವನ ಊಟ. ಅವಳನ್ನು ಅವ್ವಾ ಎಂದೇ ಕರೆಯುತ್ತಿದ್ದ. “ನನ್ನ ಮುಂದ ಏನೂ ಮುಚ್ಚಬ್ಯಾಡ್ರಿ, ಹೇಳಿದ್ದು ಈ ದಿನ್ನಿ ದಾಟೂದಿಲ್ಲ” ಎಂದು ಎಲ್ಲರಿಗೂ ಮಾತು ಕೊಟ್ಟಿದ್ದ. ಅದನ್ನು ನಂಬಿದ ಲಗಮವ್ವ, ಗಡಿ ಕಾಯುವ ಸಿಪಾಯಿ ಹೊಡೆಯಲು ಬಂದಾಗ ತನ್ನ ಮಗ ಅಮೋಗಿ ತಿರುಗಿ ಬಡಿದದ್ದನ್ನೂ, ಸಿಪಾಯಿ ಹೊಳೆಗೆ ಬಿದ್ದು ಸತ್ತದ್ದನ್ನೂ ಹೇಳಿಬಿಟ್ಟಳು. ಕಂಡವಳು ಅವಳೊಬ್ಬಳೇ.

ಮರುವರ್ಷ ಸರಕಾರ ವೆಂಕೋಬರಾಯನನ್ನು ತನ್ನ ವಕೀಲನನ್ನಾಗಿ ಮಾಡಿಕೊಂಡಿತು. ಹೊರಡುವಾಗ ಲಗಮವ್ವ ಬೀರಪ್ಪನ ಭಂಡಾರವನ್ನು, ಅಂದರೆ ಆ ದೇವರ ಅರಿಶಿನ ಪುಡಿಯನ್ನು, ಸಣ್ಣ ಚೀಲದಲ್ಲಿ ಕಟ್ಟಿಕೊಟ್ಟು ಹರಸಿದಳು. ಅವನು ಸರಕಾರದ ಪರ ನಡೆಸಿದ ಮೊದಲ ಖಟ್ಲೆಯೇ ಅಮೋಗಿಯ ಮೇಲಿನದು! ಉಂಡ ಮನೆಗೆ ಎರಡು ಬಗೆಯುವುದೆಂದರೆ ಇದೇ. ಸಾಕ್ಷಿಗೆ ಕರೆದಾಗ ಲಗಮವ್ವ ಕೋರ್ಟಿನ ಪ್ರಮಾಣ ಮಾಡಿ, ತಾನೇನೂ ನೋಡಿಲ್ಲವೆಂದಳು. ಆ ಪ್ರಮಾಣ ಕುರುಬರಿಗೆ ಲೆಕ್ಕಕ್ಕಿಲ್ಲ. ಅಂಗೈಯಲ್ಲಿ ಭಂಡಾರವಿದ್ದರೆ ಮಾತ್ರ ಅವರ ನಾಲಿಗೆ ಸುಳ್ಳಾಡದು. ಇದನ್ನು ಅವರೇ ಅವನಿಗೆ ತಿಳಿಸಿದ್ದರು. ವೆಂಕೋಬರಾಯ ಅವಳು ಕೊಟ್ಟ ಚೀಲವನ್ನೇ ಬಿಚ್ಚಿ, ಅವಳ ಕೈಗೆ ಭಂಡಾರ ಸುರಿದು, “ಈಗ ಹೇಳವ್ವಾ” ಎಂದ.

“ಸುಳ್ಳು ಹೇಳಿದರ ದೇವರು ಹೋಗ್ತಾನ, ಖರೇ ಹೇಳಿದರ ಮಗಾ ಹೋಗ್ತಾನ. ಎರಡೂ ಗೊತ್ತಿದ್ದೇ ಇದನ್ನ ನನ್ನ ಕೈಯಾಗ ಇಟ್ಟಿಯಲ್ಲೋ, ನನ್ನ ರೊಟ್ಟಿ ತಿಂದವನ!” ಎಂದು ಅತ್ತು, ಲಗಮವ್ವ ಖರೇ ಹೇಳಿದಳು. ಅಮೋಗಿಯನ್ನು ಗಲ್ಲಿಗೆ ಹಾಕಿದರು.

ವೆಂಕೋಬರಾಯ ದೊಡ್ಡ ಹುದ್ದೆಗೇರಿದ. ಮುದುಕನಾದ ಮೇಲೆ ಹಳೆಯ ಜನ ನೆನಪಾಗಿ ಇಲ್ಲಿಗೆ ಬಂದು, ಬೇವಿನ ಕೆಳಗೆ ಕಲ್ಲಿನ ಕಟ್ಟೆ ಕಟ್ಟಿಸಿ, ಪಕ್ಕದಲ್ಲಿ ನಿಂತು, “ಬರ್ರಿ, ಕೂಡ್ರಿ” ಎಂದು ಎಲ್ಲರನ್ನೂ ಕರೆದ. ಲಗಮವ್ವ ಕುರಿ ಹೊಡೆದುಕೊಂಡು ಎದುರಿಗೇ ಹಾದುಹೋದಳು, ಬಾಯಿ ಬಿಚ್ಚಲಿಲ್ಲ. ಅವಳ ಹಿಂದೆ ಬಂದವರೂ ಬಿಚ್ಚಲಿಲ್ಲ. ನನ್ನನ್ನು ಕೇಳಿದರೆ, ಬೈದಿದ್ದರೂ ಅದು ಅವನಿಗೆ ಮಾಡಿದ ಉಪಕಾರವಾಗುತ್ತಿತ್ತು.

ಆ ಕಟ್ಟೆ ಈಗಲೂ ಇದೆ. ಬೇರೆ ಊರುಗಳ ಕಟ್ಟೆಗಳು ಜನ ಕೂತು ಕೂತು ನುಣುಪಾಗಿವೆ. ಇದರ ಮೇಲೆ ಕೈಯಾಡಿಸಿದರೆ ಕಲ್ಲುಕುಟಿಗನ ಉಳಿಯ ಏಟು ಇನ್ನೂ ಬೆರಳಿಗೆ ಚುಚ್ಚುತ್ತದೆ.